ಅಣ್ಣನ ಮಾತು ಮೀರಿದ ಕಾಲು

ತರಾವಾ, ನಿನ್ನ ಸೋದರಮಾವನ ಮನೆಯಿಂದ
ಸೆಪ್ಟೆಂಬರ್ 12, ಗುರುವಾರ

ನನ್ನ ಮುದ್ದು ತೆಬೋರಾ,

ಹೇಗಿದ್ದೀಯ ಕಂದಾ? ಹೋದ ಸಲ ಫೋನಿನಲ್ಲಿ ಮಾತಾಡಿದಾಗ ನಿನ್ನ ಮೂಗು ಕಟ್ಟಿತ್ತು. ಕ್ವೀನ್ಸ್‌ಲ್ಯಾಂಡಿನ ಚಳಿ ಇಷ್ಟು ಹೊತ್ತಿಗೆ ಕಡಿಮೆಯಾಗಿದೆಯೇ? ಕಾಲುಚೀಲ ಹಾಕಿಕೊಂಡು ಮಲಗುತ್ತೀಯೇ? ನೀನು ನೋಡಿಕೊಳ್ಳುವ ಆ ಮುದುಕಿ, ಗಂಜಿಯ ಬಟ್ಟಲನ್ನು ಎಸೆಯುತ್ತಿದ್ದವಳು, ಈಗ ನಿನ್ನ ಹೆಸರನ್ನು ಸರಿಯಾಗಿ ಕರೆಯುತ್ತಾಳಂತೆ, ಕೇಳಿ ಸಂತೋಷವಾಯಿತು. ಅಷ್ಟು ದೂರದಲ್ಲಿ ಯಾರೋ ನಿನ್ನನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದರೆ ನನಗೆ ಒಂದು ನೆಮ್ಮದಿ. ಮೀನು ಸಿಗದಿದ್ದರೆ ಬಿಡು, ಹಸಿದು ಮಾತ್ರ ಇರಬೇಡ. ನಿನ್ನ ಅಮ್ಮ ಇಲ್ಲೇ ಪಕ್ಕದಲ್ಲಿ ಕೂತು ಚಾಪೆಗೆ ಕೇದಿಗೆಯ ಎಲೆ ಸೀಳುತ್ತಿದ್ದಾಳೆ. ನಾನು ಬರೆದದ್ದನ್ನು ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ, ಆದರೆ ಕತ್ತು ಉದ್ದ ಮಾಡುವುದನ್ನು ಬಿಟ್ಟಿಲ್ಲ.

ಮೇಲೆ ತರಾವಾ ಎಂದು ಬರೆದಿರುವುದನ್ನು ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ನಮ್ಮ ಅಬಯಾಂಗ್ ದ್ವೀಪದವರು ದೋಣಿ ಹತ್ತಿ ತರಾವಾಕ್ಕೆ ಬರುವುದು ಮದುವೆಗೆ, ಇಲ್ಲವೇ ಆಸ್ಪತ್ರೆಗೆ. ಈಗ ಯಾರ ಮದುವೆಯೂ ಇಲ್ಲ. ನೀನು ಫೋನು ಮಾಡಿದಾಗಲೆಲ್ಲ ಅಮ್ಮ "ಅಪ್ಪ ಮೀನಿಗೆ ಹೋಗಿದಾರೆ" ಎನ್ನುತ್ತಿದ್ದಳಲ್ಲ, ಆ ಮೀನು ಬೇಟೆ ನಡೆದದ್ದು ಆಸ್ಪತ್ರೆಯ ಮಂಚದ ಮೇಲೆ. ಹಾಗೆ ಹೇಳು ಎಂದು ಅವಳಿಗೆ ಹೇಳಿಕೊಟ್ಟವನು ನಾನೇ, ಅವಳ ಮೇಲೆ ಸಿಟ್ಟಾಗಬೇಡ. ಈಗ ಗಟ್ಟಿಯಾಗಿದ್ದೇನೆ, ಆದ್ದರಿಂದಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳುವುದಕ್ಕೆ ಆಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯವರೆಲ್ಲ ಸುತ್ತ ಕೂತು ತಲೆಗೊಂದು ಮಾತು ಸೇರಿಸುತ್ತಾರೆ. ನಿಮ್ಮ ಕಡೆಗೆ ಕೆಲಸಕ್ಕೆ ಹೊರಟಿರುವ ಹುಡುಗಿಯೊಬ್ಬಳು ನಾಳೆ ವಿಮಾನ ಹತ್ತುತ್ತಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಶುರುವಾದದ್ದು ಈಸ್ಟರ್ ಹಬ್ಬದ ಹೊತ್ತಿಗೆ. ನೀರಾ ಇಳಿಸುವುದಕ್ಕೆ ಬೆಳಿಗ್ಗೆ ಸಂಜೆ ಮನೆಯಿಂದ ಹೊರಗಡಲ ಕಡೆಯ ನಮ್ಮ ಮರಗಳಿಗೆ ನಡೆಯುತ್ತೇನಲ್ಲ, ಚರ್ಚಿನ ಬಾವಿ ದಾಟುವಷ್ಟರಲ್ಲಿ ಎಡಗಾಲಿನ ಮೀನಖಂಡವನ್ನು ಯಾರೋ ಒಳಗಿನಿಂದ ಹಿಂಡಿದ ಹಾಗೆ ಆಗುತ್ತಿತ್ತು. ನಿಂತರೆ ಬಿಡುತ್ತಿತ್ತು. ಹೊರಟರೆ ಮತ್ತೆ ಹಿಡಿಯುತ್ತಿತ್ತು. ವಿಚಿತ್ರ ನೋವು, ನಿಂತವನಿಗೆ ಏನೂ ಇಲ್ಲ, ನಡೆದವನಿಗೆ ಶಿಕ್ಷೆ. ದಾರಿಯ ಮಧ್ಯೆ ಸುಮ್ಮನೆ ನಿಂತರೆ ಊರಿನವರು ಕೇಳದೆ ಬಿಡುತ್ತಾರೆಯೇ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮೀನಖಂಡ ಹಿಡಿದ ಕಡೆಯಲ್ಲೆಲ್ಲ ನಿಂತು ಹಾಡತೊಡಗಿದೆ. ಮರದ ತುದಿಯಲ್ಲಿ ಹೊಂಬಾಳೆ ಕೆತ್ತುತ್ತಾ ಹಾಡುವುದು ನಮ್ಮ ಕಸುಬಿನ ರೂಢಿ; ನೆಲದ ಮೇಲೆ ಹಾಡಿದರೆ ತಪ್ಪೇನು? ಒಂದು ಕಡೆ ಹಾಡು, ಇನ್ನೊಂದು ಕಡೆ ಯಾರದೋ ಹಂದಿಗೆ ಬೈಗುಳ, ಮತ್ತೊಂದು ಕಡೆ ಬೇರುಹಲಸಿನ ಕಾಯಿ ಬಲಿತಿದೆಯೇ ಎಂದು ತಲೆಯೆತ್ತಿ ನೋಡುವುದು. ಊರಿಗೆ ಊರೇ ನಂಬಿತು. ನಿನ್ನ ಅಮ್ಮ ಮಾತ್ರ ಒಂದು ದಿನ ಬಾವಿಯ ಹತ್ತಿರ ಹೆಂಗಸರ ಮುಂದೆ, "ನಮ್ಮೋರಿಗೆ ವಯಸ್ಸಾದಮೇಲೆ ತೆಂಗಿನಮರಗಳ ಜೊತೆ ಸ್ನೇಹ ಜಾಸ್ತಿ ಆಗಿದೆ ಕಣ್ರೇ, ಒಂದನ್ನೂ ಮಾತಾಡಿಸದೆ ಮುಂದೆ ಹೋಗಲ್ಲ" ಎಂದಳು. ಮನೆಗೆ ಬಂದ ಮೇಲೆ, "ಯಾವ ಕಾಲು?" ಎಂದು ಒಂದೇ ಮಾತು ಕೇಳಿದಳು.

ವಿಷಯ ನಿನ್ನ ದೊಡ್ಡಪ್ಪನಿಗೆ ಮುಟ್ಟಿತು. ನಿನಗೆ ಗೊತ್ತಲ್ಲ ಕಾಯೇವಾ ಅಣ್ಣನ ರೀತಿ. ನಮ್ಮ ಮನೆತನದಲ್ಲಿ ಯಾರಿಗೆ ಸೀನು ಬಂದರೂ ಅದು ಅವನ ಅಪ್ಪಣೆ ಪಡೆದೇ ಬರಬೇಕು. "ಹಳೇ ಪೆಟ್ಟು ಕಣೋ, ಮರದಿಂದ ಬಿದ್ದಿದ್ದು ಈಗ ಮೇಲೆ ಬಂದಿದೆ. ಬ್ವಾಕೇಯಾ ಅಜ್ಜಿ ಹತ್ರ ತಿಕ್ಕಿಸ್ಕೋ" ಎಂದ. ಅಜ್ಜಿ ನಿನ್ನನ್ನು ಹೊಟ್ಟೆಯಿಂದ ಹೊರಗೆ ಎಳೆದವಳು, ಅವಳ ಕೈಯ ಬಗ್ಗೆ ನಾನು ಕೆಟ್ಟ ಮಾತು ಆಡುವುದಿಲ್ಲ. ತೆಂಗಿನೆಣ್ಣೆ ಹಾಕಿ ಪ್ರೀತಿಯಿಂದ ತಿಕ್ಕಿದಳು. "ನಿನ್ನ ಪಾದ ಮೀನಿನ ಹಾಗೆ ತಣ್ಣಗಿದೆಯಲ್ಲೋ ಮಗಾ" ಎನ್ನುತ್ತಾ ಕಾಯಿಸಿದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಪಾದಕ್ಕೆ ಇಟ್ಟಳು. "ಸುಡುತ್ತಾ?" ಎಂದಳು. "ಇಲ್ಲ ಅಜ್ಜಿ, ಹಿತವಾಗಿದೆ" ಎಂದೆ. ನಿಜವಾಗಿಯೂ ಏನೂ ಗೊತ್ತಾಗಲಿಲ್ಲ. ಬಟ್ಟೆ ತೆಗೆದಾಗ ಕಿರುಬೆರಳಿನ ಪಕ್ಕದಲ್ಲಿ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು. ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡು ಅತ್ತುಬಿಟ್ಟಳು. ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಸುಟ್ಟರೂ ಅರಿವಿಲ್ಲದ ಕಾಲು ನನ್ನದೇ ಹೌದೇ ಎನಿಸಿತು.

ಗಾಯ ಮಾಯಲಿಲ್ಲ. ದಿನ ಹೋದಂತೆ ಕಿರುಬೆರಳು ಕಪ್ಪಾಯಿತು, ಪಕ್ಕದ್ದೂ ಅದೇ ದಾರಿ ಹಿಡಿಯಿತು. ಈಗ ಹಾಡಿ ಮುಚ್ಚಿಡುವ ಹಾಗೂ ಇರಲಿಲ್ಲ, ಮಲಗಿದರೂ ನೋವು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸ್ವಲ್ಪ ಸಮಾಧಾನ. ಅಮ್ಮ ನನ್ನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು, ಒಣಕೊಬ್ಬರಿ ಸಾಗಿಸುವ ಹಾಗೆ, ಕ್ಲಿನಿಕ್ಕಿಗೆ ತಳ್ಳಿಕೊಂಡು ಹೋದಳು. ನರ್ಸ್ ರುತಾ ಹೊಸಬಳು, ನಿನ್ನ ವಯಸ್ಸಿನವಳು. ಪಾದದ ಮೇಲೆ, ಗಿಣ್ಣಿನ ಹಿಂದೆ, ಮೊಣಕಾಲಿನ ಸಂದಿಯಲ್ಲಿ ಬೆರಳಿಟ್ಟು ನಾಡಿ ಹುಡುಕಿದಳು. ಬಲಗಾಲಲ್ಲಿ ಸಿಕ್ಕಿತು. ಎಡಗಾಲಲ್ಲಿ ಎಷ್ಟು ಹೊತ್ತು ಹುಡುಕಿದರೂ ಸಿಗಲಿಲ್ಲ. "ಮಾವ, ಇದು ಹಳೇ ಪೆಟ್ಟಲ್ಲ. ಕಾಲಿಗೆ ರಕ್ತ ಇಳೀತಾ ಇಲ್ಲ. ಸಕ್ಕರೆ ಕಾಯಿಲೆ ಒಂದು ಕಡೆ, ನಿಮ್ಮ ಹೊಗೆಸೊಪ್ಪು ಇನ್ನೊಂದು ಕಡೆ, ಎರಡೂ ಸೇರಿ ರಕ್ತನಾಳ ಕಟ್ಟಿಬಿಟ್ಟಿವೆ. ನಾಳೆಯ ದೋಣಿಗೇ ತರಾವಾಕ್ಕೆ ಹೋಗಿ. ಈಗ ಹೋದ್ರೆ ಬೆರಳು ಹೋಗಬಹುದು. ತಡ ಮಾಡಿದ್ರೆ ಕಾಲು ಹೋಗುತ್ತೆ, ಇನ್ನೂ ತಡ ಮಾಡಿದ್ರೆ ನೀವೇ ಹೋಗ್ತೀರಿ" ಎಂದಳು.

ಅಂದು ಸಂಜೆಯೇ ದೊಡ್ಡಪ್ಪ ಎಲ್ಲರನ್ನೂ ಊರ ಸಭೆ ಸೇರುವ ಮನೇಬಾಕ್ಕೆ ಕರೆಸಿದ. ಆ ದೊಡ್ಡ ಮಾಡಿನ ಕೆಳಗೆ ನಮ್ಮ ಮನೆತನದ ಜಾಗದಲ್ಲಿ ಅವನು ಮುಂದೆ, ನಾನು ಅವನ ಬೆನ್ನ ಹಿಂದೆ. ನಾನು ಹುಟ್ಟಿದಾಗಿನಿಂದ ಕೂತದ್ದೇ ಹಾಗೆ, ಅವನಿರುವಾಗ ಅಲ್ಲಿ ನನ್ನ ದನಿ ಎದ್ದದ್ದೇ ಇಲ್ಲ. ಅವನು ಶುರು ಮಾಡಿದ: "ತರಾವಾಕ್ಕೆ ಹೋದೋರು ಏನಾದ್ರು ಅಂತ ನಾವೆಲ್ಲ ನೋಡಿದೀವಿ. ಎರಡು ಕಾಲಲ್ಲಿ ದೋಣಿ ಹತ್ತುತಾರೆ, ಒಂದು ಕಾಲಲ್ಲಿ ಇಳೀತಾರೆ. ಕೆಲವರು ಪೆಟ್ಟಿಗೇಲಿ ಬಂದರು. ನನ್ನ ತಮ್ಮನ್ನ ನಾನು ತುಂಡು ಮಾಡಿಸ್ಕೊಂಡು ಬರೋಕೆ ಕಳಿಸಲ್ಲ. ದೇವರು ಕೊಟ್ಟ ಮೈ, ಇಡಿಯಾಗೇ ಇರಲಿ." ಹಿರಿಯರೆಲ್ಲ ಹೌದೌದು ಎಂದರು. ಒಬ್ಬರು ಪ್ರಾರ್ಥನೆ ಎಂದರು, ಒಬ್ಬರು ಬೇರೆ ಊರಿನ ಬೇರೆ ಎಣ್ಣೆ ಎಂದರು. ನನ್ನ ಕಾಲಿನ ಬಗ್ಗೆ ಅಷ್ಟು ಜನ ಅಷ್ಟು ಮಾತಾಡಿದರು, ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ.

ಆಗ ಏನಾಯಿತೋ ತೆಬೋರಾ, ನಾನು ಎದ್ದು ನಿಂತೆ. ಕಂಬ ಹಿಡಿದು ನಿಂತೆ. ದೊಡ್ಡಪ್ಪ ಹಿಂದೆ ತಿರುಗದೆಯೇ, "ಉರಿಯಾಮ್, ಕೂತ್ಕೋ" ಎಂದ. "ಕೂರಲ್ಲ ಅಣ್ಣ. ಕೂತ್ರೆ ಮತ್ತೆ ಏಳೋಕೆ ನೋವಾಗುತ್ತೆ" ಎಂದೆ. ಯಾರೋ ಕಿಸಕ್ಕೆಂದರು. ನಾನು ಹೇಳಿದೆ, "ಅಣ್ಣ, ಚಿಕ್ಕಂದಿನಿಂದ ನೀನು ತೋರಿಸಿದ ಮರ ಹತ್ತಿದೀನಿ. ನೀನು ಹೇಳಿದ ಕಡೆ ಬಲೆ ಹಾಕಿದೀನಿ. ನೀನು ಆರಿಸಿದ ಹುಡುಗೀನೇ ಮದುವೆ ಆದೆ..." ಅಷ್ಟಕ್ಕೆ ಹೆಂಗಸರ ಕಡೆಯಿಂದ ನಿನ್ನ ಅಮ್ಮ, "ಅದಕ್ಕೇನೀಗ?" ಎಂದಳು. ಇಡೀ ಮನೇಬಾ ನಕ್ಕಿತು, ನನಗೂ ನಗು ಬಂತು, ಮಾತು ತಪ್ಪಿಹೋಗುವುದರಲ್ಲಿತ್ತು. ಮತ್ತೆ ಹಿಡಿದುಕೊಂಡೆ. "ಅದೆಲ್ಲ ಸರಿ ಅಣ್ಣ. ಆದ್ರೆ ಈ ಕಾಲು ನಂದು. ಇದರ ನೋವು ನಿಂಗೆ ಬರಲ್ಲ. ಇದು ಕೊಳೆತ್ರೆ ನಾರೋದು ನನ್ನ ಚಾಪೆ. ಬೆರಳು ಕೊಟ್ಟು ಕಾಲು ಉಳಿಸ್ಕೋತೀನಿ, ಬೇಕಾದ್ರೆ ಕಾಲು ಕೊಟ್ಟು ಜೀವ ಉಳಿಸ್ಕೋತೀನಿ. ನೀನು ಹೂಂ ಅಂದ್ರೂ ನಾಳೆ ಹೋಗ್ತೀನಿ, ಊಹೂಂ ಅಂದ್ರೂ ನಾಳೆ ಹೋಗ್ತೀನಿ."

ಅವನು ಆಗ ತಿರುಗಿದ. ಅಂಥ ಮುಖ ನಾನು ನೋಡಿರಲಿಲ್ಲ. "ಹೋದ್ರೆ ನನ್ನ ಅಂಗಳಕ್ಕೆ ಕಾಲಿಡಬೇಡ" ಎಂದ. "ಯಾವ ಕಾಲು ಅಂತ ವಾಪಸ್ ಬಂದಮೇಲೆ ನೋಡೋಣ" ಎಂದೆ. ಈಗ ಯೋಚಿಸಿದರೆ ಎಲ್ಲಿಂದ ಬಂತು ಆ ಬಾಯಿ ಎಂದು ನನಗೇ ಆಶ್ಚರ್ಯ. ಹೊರಗೆ ಬಂದಾಗ ಅಮ್ಮ ತೋಳು ಕೊಟ್ಟಳು. ಮನೆಗೆ ಹೋಗಿ ನೋಡಿದರೆ ಚಾಪೆ, ಸೊಳ್ಳೆಪರದೆ, ಬಟ್ಟೆ ಎಲ್ಲ ಆಗಲೇ ಗಂಟು ಕಟ್ಟಿಟ್ಟಿದ್ದಳು. ನಾನು ಎದ್ದು ಮಾತಾಡದೇ ಹೋಗಿದ್ದರೆ ನೀನೇನು ಮಾಡುತ್ತಿದ್ದೆ ಎಂದು ಕೇಳಿದೆ. "ಗಂಟಿನ ಜೊತೆ ನಿಮ್ಮನ್ನೂ ಕಟ್ಟಿ ಹಾಕ್ಕೊಂಡು ಹೋಗ್ತಿದ್ದೆ" ಎಂದಳು.

ಬೆಳಿಗ್ಗೆ ದೋಣಿಗೆ ಬಿಡಲು ಮನೆತನದವರು ಯಾರೂ ಬರಲಿಲ್ಲ. ಬ್ವಾಕೇಯಾ ಅಜ್ಜಿ ಒಬ್ಬಳೇ ಸೊಂಟ ಹಿಡಿದುಕೊಂಡು ದಡದವರೆಗೆ ಬಂದು, ನೀರಿಗಿಳಿದು ನನ್ನ ಹಣೆ ಮುಟ್ಟಿದಳು. ಒಳಗಡಲು ದಾಟಿ ತರಾವಾ ಕಾಣುವವರೆಗೂ ಅಮ್ಮ ನನ್ನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಉಪ್ಪುನೀರು ಸಿಡಿಯದಂತೆ ಅದಕ್ಕೆ ಕೊಡೆ ಹಿಡಿದು ಕೂತಿದ್ದಳು. ನನ್ನ ತಲೆ ಬಿಸಿಲಲ್ಲಿ ಒಣಗಿತು, ಕೇಳುವವರಿಲ್ಲ.

ಆಸ್ಪತ್ರೆಯ ಡಾಕ್ಟರು ಫಿಜಿಯ ಹೆಂಗಸು, ಎತ್ತರದ ಆಳು. ನರ್ಸು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. "ಎರಡು ಬೆರಳು ತೆಗೀಬೇಕು. ಆಮೇಲೆ ಗಾಯ ಮಾಯುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ. ಮಾಯದಿದ್ರೆ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ. ಸುಳ್ಳು ಸಮಾಧಾನ ಹೇಳಲ್ಲ" ಎಂದರು. ಅಷ್ಟು ತಿಂಗಳಲ್ಲಿ ನನ್ನ ಜೊತೆ ನೇರವಾಗಿ ಮಾತಾಡಿದ ಎರಡನೆಯವರು ಅವರು. "ತೆಗೀರಿ" ಎಂದೆ. ಮತ್ತೊಂದು ಮಾತು ಹೇಳಿದರು: "ಇನ್ಮೇಲೆ ಹೊಗೆಸೊಪ್ಪು ಇಟ್ಕೊಳ್ಳಿ, ಇಲ್ಲಾ ಕಾಲು ಇಟ್ಕೊಳ್ಳಿ." ಬೆರಳು ಕೊಡುವುದು ಸುಲಭವಾಗಿತ್ತು ಮಗಳೇ, ಇದು ಕಷ್ಟವಾಯಿತು. ಪಕ್ಕದ ಮಂಚದವನು ಆಗಲೇ ಒಂದು ಕಾಲು ಕಳೆದುಕೊಂಡವನು, ಕಿಟಕಿಯ ಹೊರಗೆ ತಲೆ ಹಾಕಿ ಕದ್ದು ಸೇದುತ್ತಿದ್ದ. "ಒಂದು ದಮ್ಮು ಎಳಿ ಮಾರಾಯಾ, ಉಳಿದಿರೋ ಬೆರಳು ಬೇಜಾರು ಮಾಡ್ಕೊಳ್ಳಲ್ಲ" ಎನ್ನುತ್ತಿದ್ದ. ಕೇದಿಗೆ ಎಲೆಯಲ್ಲಿ ಸುತ್ತಿದ ಆ ಸೊಪ್ಪಿನ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ದಿಂಬಿನ ಮೂಲೆ ಕಚ್ಚಿಕೊಂಡು ಮಲಗಿದೆ. ಸೇದಲಿಲ್ಲ. ಇವತ್ತಿನವರೆಗೂ ಸೇದಿಲ್ಲ. ನಾಳೆಯದ್ದು ನಾಳೆ, ಆದರೆ ನಾಳೆಯೂ ಸೇದುವುದಿಲ್ಲ.

ಗಾಯ ಮಾಯಿತು. ನಿಧಾನವಾಗಿ, ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹಾಕುತ್ತಾ, ಕೊನೆಗೂ ಮುಚ್ಚಿಕೊಂಡಿತು. ಈಗ ನನ್ನ ಔಷಧಿ ಎಂದರೆ ಮಾತ್ರೆ ಮತ್ತು ನಡಿಗೆ. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಬಿಟ್ಟ ಮೇಲೆ ಮತ್ತೆ ನಡೆಯಬೇಕು. ಹಾಗೆ ಮಾಡುತ್ತಿದ್ದರೆ ಕಟ್ಟಿದ ನಾಳದ ಪಕ್ಕದ ಸಣ್ಣಪುಟ್ಟ ನಾಳಗಳು ದೊಡ್ಡವಾಗಿ ರಕ್ತಕ್ಕೆ ದಾರಿ ಬಿಡುತ್ತವಂತೆ. ನಿನ್ನ ಸೋದರಮಾವನಿಗೆ ಇದು ಒಪ್ಪಿಗೆಯಿಲ್ಲ. "ಭಾವ, ಕೂತ್ಕೊಳ್ಳಿ, ಊರೋರು ನಾನು ನಿಮ್ಮನ್ನ ಓಡಾಡಿಸ್ತೀನಿ ಅಂತಾರೆ" ಎಂದು ಕುರ್ಚಿ ಹಿಡಿದುಕೊಂಡು ನನ್ನ ಹಿಂದೆ ಬರುತ್ತಾನೆ. ನಾನು ಕುರ್ಚಿಯನ್ನು ಸುತ್ತಿ ಹಾದು ಹೋಗುತ್ತೇನೆ. ದಡದ ಕಟ್ಟೆಯ ಉದ್ದಕ್ಕೂ ನಡೆಯುತ್ತೇನೆ. ಅಲ್ಲಿಯ ಮಕ್ಕಳು ನನ್ನ ಹಿಂದೆ ಸಾಲಾಗಿ ಕುಂಟುತ್ತಾ ಬರುತ್ತವೆ, ನಾನು ನಿಂತರೆ ಅವೂ ನಿಂತು ಮೀನಖಂಡ ಹಿಡಿದು ಅಯ್ಯೋ ಎನ್ನುತ್ತವೆ. ಮೊದಮೊದಲು ರೇಗುತ್ತಿತ್ತು. ಈಗ ಅವು ಬರದ ದಿನ ಬೇಜಾರು.

ಹೀಗಿರುವಾಗ ಹೋದ ವಾರ ದೊಡ್ಡಪ್ಪ ಬಂದಿಳಿದ. ಹೇಳಿ ಕಳಿಸಲಿಲ್ಲ, ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ನೀರಾ ಕಾಯಿಸಿ ಮಾಡಿದ ಒಂದು ಬಾಟಲಿ ಸಿಹಿಪಾಕ, ನನಗೆ ಸಕ್ಕರೆ ಕಾಯಿಲೆ ಎನ್ನುವುದು ನೆನಪೇ ಇಲ್ಲ. ಕೂತ. ಆಮೇಲೆ "ತೋರಿಸು" ಎಂದ. ತೋರಿಸಿದೆ. "ಅಷ್ಟೇನಾ?" ಎಂದ. "ಅಷ್ಟೇ" ಎಂದೆ. ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ನಾವು ಚಿಕ್ಕವರಿದ್ದಾಗ ನನ್ನ ಕಾಲಿನ ಮುಳ್ಳು ಹುಡುಕುತ್ತಿದ್ದ ಹಾಗೆ. ನಡಿಗೆಯ ಹೊತ್ತಾಯಿತು ಎಂದು ಎದ್ದೆ, ಅವನೂ ಜೊತೆಗೆ ಬಂದ.

ಕಟ್ಟೆಯ ಮೇಲೆ ಸ್ವಲ್ಪ ದೂರ ಹೋದೆವು. ನನ್ನ ಕಾಲು ಇನ್ನೂ ಸುಮ್ಮನಿತ್ತು, ಅವನು ನಿಂತುಬಿಟ್ಟ. ಕಣ್ಣಿಗೆ ಕೈ ಅಡ್ಡ ಹಿಡಿದು ಕಡಲು ನೋಡಿದ. "ಹಡಗು" ಎಂದ. ಕಡಲು ಖಾಲಿಯಾಗಿತ್ತು. "ಯಾವ ಹಡಗು ಅಣ್ಣ?" ಎಂದೆ. "ಅದೇ, ಆ ಹಡಗು" ಎಂದ. ಇನ್ನು ಸ್ವಲ್ಪ ನಡೆದು ಮತ್ತೆ ನಿಂತ, ಈ ಸಲ ಯಾರದೋ ಬಲೆಯ ಹೆಣಿಗೆ ಸರಿಯಿಲ್ಲವಂತೆ. ಇಷ್ಟು ದಿನ ಊರಿಗೆ ನಾನು ಮಾಡಿದ್ದನ್ನು ಅವನು ನನಗೆ ಮಾಡುತ್ತಿದ್ದ! ಕಟ್ಟೆಯ ಮೇಲೆ ಕೂತು, "ಶೂ ಬಿಚ್ಚು" ಎಂದೆ. ಆಗಲೇ ಹೊಳೆದದ್ದು, ಬರಿಗಾಲಲ್ಲಿ ಬದುಕಿದ ಮನುಷ್ಯ ಈಗೇಕೆ ಶೂ ಹಾಕಿದ್ದಾನೆ ಎಂದು. ಅವನು ಬಿಚ್ಚಲಿಲ್ಲ. "ಕಾಲು ನಂದು ಅಂದ್ಯಲ್ಲ ಅವತ್ತು ಎಲ್ಲರ ಮುಂದೆ. ಇದು ನಂದು. ಸುಮ್ಮನಿರು" ಎಂದ. "ಕಾಲು ನಿಂದು, ಒಪ್ತೀನಿ. ಅಣ್ಣ ನನ್ನೋನು. ಸುಮ್ಮನಿರಲ್ಲ" ಎಂದೆ. ಬಗ್ಗಿ ನಾನೇ ಬಿಚ್ಚಿದೆ. ಬಲಗಾಲಿನ ಹಿಮ್ಮಡಿಯಿಂದ ಅಂಗಾಲಿನ ಅರ್ಧದವರೆಗೆ ಕಪ್ಪು. ವಾಸನೆ ಬರುತ್ತಿತ್ತು. "ಯಾವಾಗಿಂದ?" ಎಂದೆ. "ನಿನಗಿಂತ ಮೊದಲಿಂದ" ಎಂದ. ಮನೇಬಾದಲ್ಲಿ ಅವನು ಯಾರ ಕಾಲಿನ ಪರವಾಗಿ ಅಷ್ಟು ಜೋರಾಗಿ ಮಾತಾಡುತ್ತಿದ್ದ ಎಂದು ನನಗೆ ಆಗ ಅರ್ಥವಾಯಿತು. ಆಸ್ಪತ್ರೆಗೆ ಬರುವುದಿಲ್ಲ ಎಂದು ಕೂಗಾಡಿದ, ನಾನೂ ಕೂಗಾಡಿದೆ. ಮಕ್ಕಳೆಲ್ಲ ನಿಂತು ನೋಡುತ್ತಿದ್ದವು. ಕೊನೆಗೆ ಅವನ ಶೂ ಎತ್ತಿಕೊಂಡು ನಾನು ಆಸ್ಪತ್ರೆಯ ದಾರಿ ಹಿಡಿದೆ. ಬೈಯುತ್ತಾ ಹಿಂದೆಯೇ ಬಂದ. ಇಬ್ಬರೂ ನಿಂತು ನಿಂತು ಹೋದೆವು. ಈಗ ವಾರ್ಡಿನಲ್ಲಿದ್ದಾನೆ, ಅಮ್ಮ ಊಟ ಕೊಂಡೊಯ್ಯುತ್ತಾಳೆ, ಡಾಕ್ಟರು ನೋಡುತ್ತಿದ್ದಾರೆ.

ಇದನ್ನೆಲ್ಲ ಓದಿ ನೀನು ಕೆಲಸ ಬಿಟ್ಟು ಓಡಿ ಬರುವ ಯೋಚನೆ ಮಾಡಬೇಡ, ಬಂದರೆ ಅದೇ ವಿಮಾನದಲ್ಲಿ ತಿರುಗಿಸಿ ಕಳಿಸುತ್ತೇನೆ. ನನಗೆ ಇನ್ನೂ ಎಂಟು ಬೆರಳಿವೆ, ಅಷ್ಟರಲ್ಲಿ ನಡೆಯುವುದು ಹೇಗೆಂದು ಕಲಿತಿದ್ದೇನೆ. ಮರ ಹತ್ತುವೆನೇ ಎಂದು ಕೇಳುತ್ತೀಯ, ಗೊತ್ತು. ಡಾಕ್ಟರು ತಲೆ ಅಲ್ಲಾಡಿಸುತ್ತಾರೆ, ಅಮ್ಮ ಆ ಮರಗಳನ್ನೇ ಕಡಿಸುತ್ತೇನೆ ಎನ್ನುತ್ತಾಳೆ. ನಾನು ಯಾರಿಗೂ ಮಾತು ಕೊಟ್ಟಿಲ್ಲ. ನಮ್ಮ ಬಾಗಿದ ಗಿಡ್ಡ ಮರ ಇದೆಯಲ್ಲ, ಅದರ ಹೊಂಬಾಳೆ ನೆಲದಿಂದ ಎಷ್ಟು ಎತ್ತರವಾದೀತು?

ಅಮ್ಮನ ಮುತ್ತು, ಸೋದರಮಾವನ ಮನೆಯವರೆಲ್ಲರ ನೆನಪು ನಿನಗೆ. ಮೈಯಲ್ಲಿ ಆರೋಗ್ಯ, ಮನಸ್ಸಿನಲ್ಲಿ ಶಾಂತಿ, ತಟ್ಟೆ ತುಂಬ ಊಟ, ಈ ಮೂರನ್ನೂ ದೇವರು ನಿನಗೆ ಕೊಡುತ್ತಿರಲಿ.

ನಿನ್ನ ಅಪ್ಪ,
ಉರಿಯಾಮ್

ಮರೆತೆ: ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮರೆತೆ ಎನ್ನುವುದು ಸುಳ್ಳು, ಅಮ್ಮ ಪಕ್ಕದಲ್ಲಿರುವಾಗ ಬರೆಯಲು ಆಗಲಿಲ್ಲ, ಅವಳಿಗೆ ಇನ್ನೂ ಹೇಳಿಲ್ಲ. ಸೋಮವಾರ ದೊಡ್ಡಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯುತ್ತಾರೆ. ಅವನೇ ಒಪ್ಪಿ ರುಜು ಹಾಕಿದ. ಆದರೆ ತುಂಬ ಹೆದರಿದ್ದಾನೆ ತೆಬೋರಾ. ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ, ನನ್ನೊಡನೆಯೂ ಮಾತಿಲ್ಲ. ನಿನ್ನೆ ಅನ್ನ ತಣ್ಣಗಿದೆ ಎಂದು ನರ್ಸಿಗೆ ಬೈದ, ಆಗ ಮಾತ್ರ ಮುಖದಲ್ಲಿ ಜೀವ ಇತ್ತು. ಬೈಯುವಾಗ ಅವನಿಗೆ ಹೆದರಿಕೆ ಇರುವುದಿಲ್ಲ. ಭಾನುವಾರ ಅವನಿಗೆ ಫೋನು ಮಾಡು. ಕಾಲಿನ ಮಾತು ಎತ್ತಬೇಡ. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದೇನೆ ಎಂದು ಹೇಳು, ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದು ಹೇಳು, ಬೈಯಲಿ. ಅವನಾಗಿ ನಿಲ್ಲಿಸುವವರೆಗೂ ನೀನು ಫೋನು ಇಡಬೇಡ.